ಅಪ್‌ಡೇಟ್: ಕ್ಯಾನಾ ಎಲೆಗಳ ಹಳದಿ ಗೆರೆಗೆ ಕಾರಣ ಸಿಕ್ಕಿತು

ನಮ್ಮ ಕ್ಯಾನಾ, ಅಂದರೆ ಕಾಬಾಳೆ ಗಿಡಗಳ ಎಲೆಗಳಲ್ಲಿ ನರಗಳುದ್ದಕ್ಕೂ ಹಳದಿ ಗೆರೆಗಳು ಮೂಡುತ್ತಿವೆ, ಇದು ಹೊಸ ವೈರಸ್ ಇರಬಹುದೇ ಎಂದು ಹದಿನೈದು ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಪೋಷಕಾಂಶದ ಕೊರತೆಯಿರಬಹುದೆಂದು ಮಾಡಿದ ಕಬ್ಬಿಣ ಮತ್ತು ಮೆಗ್ನೀಸಿಯಂ ಸಿಂಪಡಣೆಯಿಂದ ಏನೂ ಬದಲಾಗಲಿಲ್ಲ. ಎಲೆಯ ರಸದಲ್ಲಿ ವೈರಸ್ ಇದೆಯೇ ಎಂದು ತೋರಿಸುವ ಪಟ್ಟಿ (ಸ್ಟ್ರಿಪ್) ಪರೀಕ್ಷೆಯೂ ನೆಗೆಟಿವ್ ಬಂದಿತು; ಅದು ತಾನು ಗುರುತಿಸಲೆಂದು ತಯಾರಾದ ವೈರಸ್‌ಗಳನ್ನಷ್ಟೇ ಹಿಡಿಯುತ್ತದೆ ಎಂಬುದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಫಲ ಕೊಟ್ಟದ್ದು, ಪಾಟಿವೈರಸ್ ಎಂಬ ಸಸ್ಯ ವೈರಸ್‌ಗಳ ಗುಂಪಿಗೆಲ್ಲ ಹೊಂದುವ ಪ್ರೈಮರ್‌ಗಳಿಂದ (ಹುಡುಕಬೇಕಾದ ಭಾಗಕ್ಕೆ ಅಂಟಿಕೊಳ್ಳುವ ಚಿಕ್ಕ ಡಿಎನ್‌ಎ ತುಣುಕುಗಳಿಂದ) ಆರ್‌ಟಿ-ಪಿಸಿಆರ್, ಅಂದರೆ ವೈರಸ್‌ನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿಸಿ ಅದರ ಪ್ರತಿಗಳನ್ನು ಹೆಚ್ಚಿಸುವ ಪರೀಕ್ಷೆ ಮಾಡಿ, ದೊರೆತ ತುಣುಕನ್ನು ಸೀಕ್ವೆನ್ಸ್ ಮಾಡಿಸಿ (ಅದರ ಅಕ್ಷರಕ್ರಮ ಓದಿಸಿ) ಎಂಬ ಸಲಹೆ.

ಆ ತುಣುಕು, 2007ರಲ್ಲಿ ಬ್ರಿಟನ್ನಿನ ಕ್ಯಾನಾ ಗಿಡಗಳಿಂದ ಹೊಸ ಪಾಟಿವೈರಸ್ ಎಂದು ವರದಿಯಾದ ಕ್ಯಾನಾ ಯೆಲ್ಲೋ ಸ್ಟ್ರೀಕ್ ವೈರಸ್‌ಗೆ ಶೇ. 90ಕ್ಕೂ ಹೆಚ್ಚು ಹೋಲುತ್ತಿತ್ತು. ಈ ಕುಟುಂಬದಲ್ಲಿ ಹೊಸ ಪ್ರಭೇದವೆನಿಸಲು ನ್ಯೂಕ್ಲಿಯೋಟೈಡ್‌ಗಳ, ಅಂದರೆ ಆನುವಂಶಿಕ ಅಕ್ಷರಗಳ ಹೋಲಿಕೆ ಸಾಮಾನ್ಯವಾಗಿ ಶೇ. 76ಕ್ಕಿಂತ ಕಡಿಮೆ ಇರಬೇಕಾದ್ದರಿಂದ, ನಮ್ಮದು ಹೊಸದಲ್ಲ.

ನನಗೆ ನಿಜವಾಗಿ ಅಚ್ಚರಿ ತಂದದ್ದು, ಅದೇ ಎಲೆಯ ಡಿಎನ್‌ಎಯನ್ನು ಬೇರೆಯಾಗಿ ಪರೀಕ್ಷಿಸಿದಾಗ ಬ್ಯಾಡ್ನಾವೈರಸ್ ಎಂಬ ಬೇರೊಂದು ಗುಂಪಿಗೆ ಸೇರಿದ ಕ್ಯಾನಾ ಯೆಲ್ಲೋ ಮಾಟಲ್ ವೈರಸ್ ಸಹ ಕಾಣಿಸಿಕೊಂಡದ್ದು. ಮೊದಲನೆಯದು ಆರ್‌ಎನ್‌ಎ ವೈರಸ್, ಎರಡನೆಯದು ಡಿಎನ್‌ಎ ವೈರಸ್. ಎರಡೂ ಎಲೆಯನ್ನು ಹಳದಿಯಾಗಿಸುವುದರಿಂದ, ಯಾವ ಗೆರೆ ಯಾವುದರದ್ದೆಂದು ಕಣ್ಣಿನಿಂದ ಹೇಳಲಾಗದು. ಒಂದು ವೈರಸ್ ಸಿಕ್ಕಿತೆಂದು ಹುಡುಕಾಟ ನಿಲ್ಲಿಸಿದ್ದರೆ ಅರ್ಧ ಉತ್ತರವೇ ಸಿಗುತ್ತಿತ್ತು.

ಸೋಂಕಿತ ಗಿಡಕ್ಕೆ ಔಷಧಿಯಿಲ್ಲ, ಗೆಡ್ಡೆ ಒಡೆದು ನೆಟ್ಟಾಗ ವೈರಸ್ ಜೊತೆಗೇ ಸಾಗುತ್ತದೆ. ಹಾಗಾಗಿ ಆ ಸಾಲನ್ನು ಪೂರ್ತಿ ಕಿತ್ತು, ಗೆಡ್ಡೆಗಳ ಸಮೇತ ಸುಟ್ಟಿದ್ದೇವೆ.