ಜುಲೈ 26ಕ್ಕೆ ಜಂಕ್ಷನ್‌ನಲ್ಲಿ ಎರಡು ನಿಮಿಷ ಮೌನ: ಈ ಸಲವಾದರೂ ಸರಿಯಾಗಿ ಆಗಬೇಕು, ಹೇಗೆ?

ಕಾಪು_ದೀಪಸ್ತಂಭ (ಜುಲೈ 5)

ನಮಸ್ಕಾರ ಎಲ್ಲರಿಗೂ. ನಾನು ಉಡುಪಿ ಹತ್ತಿರದ ಒಂದು ಯುವಕ ಮಂಡಲದ ಕಾರ್ಯದರ್ಶಿ. ಊರಿನ ಹೆಸರು ಬೇಡ, ಹೇಳಿದರೆ ನಮ್ಮವರೇ ಜಗಳಕ್ಕೆ ಬರುತ್ತಾರೆ. ಪ್ರತಿ ವರ್ಷ ಕಾರ್ಗಿಲ್ ವಿಜಯ ದಿನಕ್ಕೆ ಬಸ್‌ಸ್ಟ್ಯಾಂಡ್ ಪಕ್ಕ ತಗಡಿನ ಚಪ್ಪರ ಹಾಕಿ ಚಿಕ್ಕ ಕಾರ್ಯಕ್ರಮ ಮಾಡುತ್ತೇವೆ. ದೀಪ, ಹೂ, ಒಬ್ಬರು ಮಾಜಿ ಸೈನಿಕರಿಗೆ ಶಾಲು, ನಾಲ್ಕು ಭಾಷಣ, ಮತ್ತೆ ಮೌನ ಪ್ರಾರ್ಥನೆ.

ಕಳೆದ ವರ್ಷ ಆ ಮೌನ ಹೇಗಿತ್ತು ಅಂತ ಹೇಳುತ್ತೇನೆ ಕೇಳಿ. ನಿರೂಪಕ ಮೈಕಲ್ಲಿ "ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಪ್ರಾರ್ಥನೆ ಸಲ್ಲಿಸಬೇಕಾಗಿ ವಿನಂತಿ" ಎಂದ. ಪ್ಲಾಸ್ಟಿಕ್ ಕುರ್ಚಿಗಳ ಕಿರ್ ಕಿರ್ ನಿಲ್ಲುವುದಕ್ಕೇ ಹತ್ತು ಸೆಕೆಂಡು ಹೋಯಿತು. ಅಷ್ಟರಲ್ಲಿ ಯಾರದೋ ಮೊಬೈಲು ಹೊಡೆದುಕೊಂಡಿತು, ರಿಂಗ್‌ಟೋನ್ ಯಕ್ಷಗಾನದ ಚೆಂಡೆ, ಅದೂ ಒಳ್ಳೆ ಯುದ್ಧದ ಪೆಟ್ಟು. ಎದುರಿಗೆ ಬಸ್ಸು ಬಂದು ನಿಂತಿತು. ಕಂಡಕ್ಟರ್ "ಉಡುಪಿ ಉಡುಪಿ ಉಡುಪಿ" ಅಂತ ಕೂಗಿ ವಿಸಿಲ್ ಹಾಕಿದ. ನಮ್ಮ ನಿರೂಪಕನಿಗೆ ಗಾಬರಿ ಆಯಿತೋ ಏನೋ, "ಧನ್ಯವಾದಗಳು, ಎಲ್ಲರೂ ಕುಳಿತುಕೊಳ್ಳಿ" ಅಂದುಬಿಟ್ಟ. ಆಮೇಲೆ ವಿಡಿಯೋ ನೋಡಿ ಲೆಕ್ಕ ಹಾಕಿದೆ. ಒಂದು ನಿಮಿಷ ಅಂದದ್ದು 22 ಸೆಕೆಂಡು.

ಆ ವಿಡಿಯೋದಲ್ಲೇ ಇನ್ನೊಂದು ಕಂಡಿತು. ಎರಡನೇ ಸಾಲಿನಲ್ಲಿ ನಮ್ಮೂರಿನ ಒಬ್ಬರು ಅಮ್ಮ ಇದ್ದಾರೆ, ಮಗ ಸೇನೆಯಲ್ಲಿದ್ದಾಗ ತೀರಿಕೊಂಡವರು. ಎಲ್ಲರೂ ಕುಳಿತ ಮೇಲೂ ಅವರು ಕಣ್ಣು ಮುಚ್ಚಿ ನಿಂತೇ ಇದ್ದರು. ಪಕ್ಕದವರು ಸೆರಗು ಹಿಡಿದು ಮೆಲ್ಲ ಎಳೆದು ಕೂರಿಸಿದರು. ಅದನ್ನು ನೋಡಿದ ಮೇಲೆ ಈ ಸಲ ಸುಮ್ನೆ ಶಾಸ್ತ್ರಕ್ಕೆ ಮಾಡುವುದು ಬೇಡ ಅನ್ನಿಸಿದೆ.

ಹಾಗಾಗಿ ಗೊತ್ತಿರುವವರು ಹೇಳಿ. ಒಂದು ನಿಮಿಷವಾ, ಎರಡಾ? ಮೊದಲು ಯಾವುದು, ನಂತರ ಯಾವುದು? ರಸ್ತೆ ನಿಲ್ಲಿಸಬಹುದಾ? ಮತ್ತೆ ಜುಲೈ ತಿಂಗಳು, ಜಡಿಮಳೆ, ಜಾಗ ಸಾಲದೆ ಹೊರಗೆ ನಿಂತವರು ಕೊಡೆ ಮಡಚಬೇಕಾ? ನಗಬೇಡಿ, ಕಳೆದ ವರ್ಷ ಇದೇ ವಿಷಯಕ್ಕೆ ಇಬ್ಬರು ಹಿರಿಯರು ಜಗಳ ಮಾಡಿಕೊಂಡಿದ್ದಾರೆ.

ಹವಾಲ್ದಾರ್_ಕದ್ರಿ

ಕೊಡೆ ಇರಲಿ ಮಾರಾಯ್ರೆ. ವಯಸ್ಸಾದವರನ್ನು ಮಳೆಯಲ್ಲಿ ನೆನೆಸಿ ಜ್ವರ ತರಿಸಿದರೆ ಅದು ಗೌರವ ಅಲ್ಲ. ಯುನಿಫಾರಂ ಹಾಕಿದವರು ನೆನೆಯುತ್ತಾರೆ, ಅವರಿಗೆ ಅಭ್ಯಾಸ ಉಂಟು.

ನಮ್ಮ ಕಡೆ, ಅಂದರೆ ಸೇನೆಯಲ್ಲಿ, ಕ್ರಮ ಹೀಗೆ. ಮೊದಲು ಪುಷ್ಪಚಕ್ರ ಇಡುವುದು. ಬಂದೂಕಿನ ಗಾರ್ಡ್ ಇದ್ದರೆ "ಶೋಕ್ ಶಸ್ತ್ರ್" ಅನ್ನುವ ಆದೇಶ ಬರುತ್ತದೆ, ಬಂದೂಕು ತಲೆಕೆಳಗಾಗುತ್ತದೆ, ತಲೆ ಬಾಗುತ್ತದೆ. ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ನುಡಿಸುತ್ತಾರೆ. ಅದು ಮುಗಿದ ಮೇಲೆ ಎರಡು ನಿಮಿಷ ಮೌನ. ಆಮೇಲೆ ಬ್ಯೂಗಲ್‌ನಲ್ಲೇ ರೌಸ್. ಲಾಸ್ಟ್ ಪೋಸ್ಟ್ ಅಂದರೆ ಶಿಬಿರದಲ್ಲಿ ರಾತ್ರಿಯಾಯಿತು, ದಿನದ ಕೆಲಸ ಮುಗಿಯಿತು ಅನ್ನುವ ಕರೆ. ರೌಸ್ ಅಂದರೆ ಬೆಳಗಾಯಿತು, ಏಳಿ ಅಂತ. ನಡುವಿನ ಎರಡು ನಿಮಿಷ ಸತ್ತವರ ರಾತ್ರಿ ಅಂತ ನಮಗೆ ಹಳೆಯ ಸುಬೇದಾರ್ ಸಾಹೇಬರು ಹೇಳಿಕೊಟ್ಟದ್ದು.

ನಿಮ್ಮಲ್ಲಿ ತಪ್ಪಾದದ್ದು ಎಲ್ಲಿ ಗೊತ್ತಾ? ಮೈಕು ಮತ್ತು ಗಡಿಯಾರ ಎರಡೂ ಒಬ್ಬನ ಕೈಯಲ್ಲಿತ್ತು. ಮೈಕ್ ಹಿಡಿದವನಿಗೆ ಮೌನ ಸಹಿಸುವುದಕ್ಕೆ ಆಗುವುದೇ ಇಲ್ಲ. ಇಪ್ಪತ್ತು ಸೆಕೆಂಡು ಆಗುವಾಗ ಅವನಿಗೆ ಐದು ನಿಮಿಷ ಆದ ಹಾಗೆ ಕಾಣುತ್ತದೆ. ಗಡಿಯಾರವನ್ನು ಇನ್ನೊಬ್ಬರ ಕೈಗೆ ಕೊಡಿ, ಯಾರಾದರೂ ಮಾಜಿ ಸೈನಿಕರಿಗೆ. ಅವರು ಬ್ಯೂಗಲ್‌ನವನಿಗೆ ಕಣ್ಣಲ್ಲಿ ಸನ್ನೆ ಮಾಡಲಿ. ಮುಗಿಯಿತು ಅಂತ ಬ್ಯೂಗಲ್ಲೇ ಹೇಳುತ್ತದೆ, ಮೈಕಲ್ಲಿ ಧನ್ಯವಾದ ಹೇಳುವ ಅಗತ್ಯವೇ ಇಲ್ಲ. ಧನ್ಯವಾದ ಯಾರಿಗೆ, ಸತ್ತವರಿಗಾ?

ಬ್ಯೂಗಲ್ ಸಿಗದಿದ್ದರೆ ಹತ್ತಿರದ ಶಾಲೆಯ ಬ್ಯಾಂಡ್‌ನಲ್ಲಿ ವಿಚಾರಿಸಿ. ಅದೂ ಇಲ್ಲವಾದರೆ ಶಾಲೆಯ ಗಂಟೆಯನ್ನಾದರೂ ತನ್ನಿ, ಸುರುವಿಗೆ ಒಂದು ಪೆಟ್ಟು, ಮುಗಿಯುವಾಗ ಒಂದು. ಮೊಬೈಲಲ್ಲಿ ಯೂಟ್ಯೂಬ್ ಹಾಕಿ ಸ್ಪೀಕರಿಗೆ ಮಾತ್ರ ಕೊಡಬೇಡಿ. ಒಂದು ಕಡೆ ನಾನು ಅತಿಥಿಯಾಗಿ ಹೋಗಿದ್ದೆ, ಲಾಸ್ಟ್ ಪೋಸ್ಟ್ ಮುಗಿದ ಕೂಡಲೇ ಬನಿಯನ್ ಜಾಹೀರಾತು ಬಂತು.

ಬೂತಾಯಿ_ಪ್ರಿಯ

ಒಂದು ನೇರ ಪ್ರಶ್ನೆ, ಬೇಜಾರು ಮಾಡಬೇಡಿ. ಈ ಎರಡು ನಿಮಿಷದ ಮೌನ ಬ್ರಿಟಿಷರದ್ದಲ್ವಾ? ನಮಗೇಕೆ ಅದು? ಸುಮ್ಮನೆ ನಿಂತರೆ ಸೈನಿಕರ ಮನೆಯವರಿಗೆ ಎಂತ ಸಿಗುತ್ತದೆ? ಡಿಸೆಂಬರ್ 7ಕ್ಕೆ ಸೈನಿಕರ ಕುಟುಂಬಗಳ ನಿಧಿಗೆ ಧ್ವಜ ದಿನದ ಡಬ್ಬಿ ಬರುವಾಗ ಹತ್ತು ರೂಪಾಯಿ ಹಾಕಲು ಕಿಸೆ ತಡಕಾಡುವವರೇ ಇಲ್ಲಿ ಮುಂದಿನ ಸಾಲಿನಲ್ಲಿ ನಿಂತಿರುತ್ತಾರೆ.

ಹಂಪನಕಟ್ಟೆ_ಹಳಬ

ಬೂತಾಯಿ ಅವರೇ, ಡಬ್ಬಿಯ ಮಾತು ನೂರಕ್ಕೆ ನೂರು ಸರಿ. 1949ರಿಂದ ಆ ದಿನ ಉಂಟು, ಇವತ್ತಿಗೂ ಎಷ್ಟೋ ಜನ ಆ ಪುಟ್ಟ ಧ್ವಜ ಏನಕ್ಕೆ ಅಂತ ಕೇಳುತ್ತಾರೆ. ಆದರೆ ಮೌನದ ವಿಷಯದಲ್ಲಿ ಸ್ವಲ್ಪ ತಡೆಯಿರಿ.

ಲಂಡನ್ನಿನಲ್ಲಿ ಅದು ಸುರುವಾದದ್ದು 1919ರ ನವೆಂಬರ್ 11ಕ್ಕೆ, ಬೆಳಿಗ್ಗೆ 11 ಗಂಟೆಗೆ. ಹಿಂದಿನ ವರ್ಷ ಅದೇ ದಿನ ಅದೇ ಹೊತ್ತಿಗೆ ಮೊದಲ ಮಹಾಯುದ್ಧ ನಿಂತಿತ್ತು. ರಾಜ ಐದನೇ ಜಾರ್ಜ್ ಕೇಳಿಕೊಂಡದ್ದು. ಆದರೆ ಯೋಚನೆ ರಾಜನದ್ದಲ್ಲ, ಊರೂ ಲಂಡನ್ ಅಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 1918ರಲ್ಲೇ ದಿನಾ ಮಧ್ಯಾಹ್ನ ಗುಡ್ಡದ ಮೇಲಿನ ತೋಪು ಹಾರಿದ ಕೂಡಲೇ ಪೇಟೆಯಲ್ಲಿ ಟ್ರಾಮು ನಿಲ್ಲುತ್ತಿತ್ತು, ನಡೆಯುವವರು ನಿಂತಲ್ಲೇ ನಿಲ್ಲುತ್ತಿದ್ದರು. ಅದನ್ನು ನೋಡಿದ್ದ ಪರ್ಸಿ ಫಿಟ್ಜ್‌ಪ್ಯಾಟ್ರಿಕ್ ಎಂಬವರು ಲಂಡನ್ನಿಗೆ ಬರೆದು ತಿಳಿಸಿದರು. ಅವರ ಮಗನೂ ಅದೇ ಯುದ್ಧದಲ್ಲಿ ಸತ್ತಿದ್ದ. ಅಂದರೆ ಇದು ಒಬ್ಬ ಅಪ್ಪ ಕೇಳಿದ್ದು, ಹಾಗೆ ನೋಡಿ.

ಮತ್ತೆ ಆ ಯುದ್ಧ ಬ್ರಿಟಿಷರದ್ದು ಅಂದರೂ ಸತ್ತವರು ಬರೀ ಬ್ರಿಟಿಷರಲ್ಲ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾ ಊರಿನ ಮೇಲೆ ದಾಳಿ ಮಾಡಿದವರು, ಜೋಧಪುರದವರ ಜೊತೆ. ದೆಹಲಿಯ ಇಂಡಿಯಾ ಗೇಟ್ ಕಲ್ಲಿನ ಮೇಲೆ ಇರುವುದು ಆ ಕಾಲದ ನಮ್ಮ ಸೈನಿಕರ ಹೆಸರುಗಳೇ, 13,000ಕ್ಕಿಂತ ಜಾಸ್ತಿ.

ಸ್ವತಂತ್ರ ಭಾರತಕ್ಕೂ ತನ್ನದೇ ಎರಡು ನಿಮಿಷ ಉಂಟು. ಜನವರಿ 30, ಗಾಂಧೀಜಿ ಹೋದ ದಿನ. 10.59ರಿಂದ 11ರವರೆಗೆ ಸೈರನ್, ಎರಡು ನಿಮಿಷ ಮೌನ, ಮತ್ತೆ 11.02ರಿಂದ 11.03ರವರೆಗೆ ಸೈರನ್. ಅದು ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟವರಿಗೆ, ಯುದ್ಧದಲ್ಲಿ ಸತ್ತವರಿಗೆ ಅಂತ ಅಲ್ಲ. ಆದರೆ ಕ್ರಮ ನೋಡಿ, ಸುರುವೂ ಎಲ್ಲರಿಗೂ ಕೇಳುತ್ತದೆ, ಕೊನೆಯೂ ಕೇಳುತ್ತದೆ. ನಾವು ಮಂಗಳೂರಿನಲ್ಲಿ ಚಿಕ್ಕವರಿದ್ದಾಗ ಹಂಚಿನ ಫ್ಯಾಕ್ಟರಿಯ ಕೂಗು ಕೇಳಿ ಮನೆಯಲ್ಲಿ ಗಡಿಯಾರ ಸರಿ ಮಾಡುತ್ತಿದ್ದರು. ಅಂಥ ಕೂಗು ಒಂದಿದ್ದರೆ ಇಡೀ ಊರನ್ನು ನಿಲ್ಲಿಸಬಹುದು. ಇಸ್ರೇಲಿನಲ್ಲಿ ಸೈರನ್ ಆದ ಕೂಡಲೇ ಹೈವೇಯಲ್ಲಿ ಕಾರು ನಿಲ್ಲಿಸಿ ಜನ ಇಳಿದು ನಿಲ್ಲುತ್ತಾರೆ. ನಮ್ಮ ಹೈವೇ 66ರಲ್ಲಿ ಹಾಗೆ ಮಾಡಲು ಹೋದರೆ ಮೌನ ಪ್ರಾರ್ಥನೆ ನಮಗೇ ಮಾಡಬೇಕಾದೀತು!

ಕೊನೆಗೆ ಒಂದು. ನಮ್ಮಲ್ಲಿ ಇಂಥದ್ದು ಇಲ್ಲವೇ ಇಲ್ಲ ಅಂತ ಹೇಳಬೇಡಿ. ಪೇಟೆಯಲ್ಲಿ ಹೆಣ ಹೋಗುವಾಗ ಅಂಗಡಿಯವರು ಅರ್ಧ ಶಟರ್ ಎಳೆಯುವುದಿಲ್ಲವಾ? ತಕ್ಕಡಿಯಲ್ಲಿ ಸಾಮಾನು ಇದ್ದರೂ ಹಾಗೇ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಸತ್ತವರು ಯಾರು ಅಂತಲೂ ಗೊತ್ತಿರುವುದಿಲ್ಲ. ನನ್ನ ಸಲಹೆ ಅದೇ: ರಸ್ತೆ ನಿಲ್ಲಿಸಬೇಡಿ, ಜಂಕ್ಷನ್ನಿನ ಅಂಗಡಿಗಳಿಗೆ ಹೋಗಿ ಎರಡು ನಿಮಿಷ ಅರ್ಧ ಶಟರ್ ಎಳೆಯಿರಿ ಅಂತ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ.

ಬೂತಾಯಿ_ಪ್ರಿಯ

ಶಟರ್ ವಿಷಯ ಒಪ್ಪಿದೆ. ಆದರೆ ಡಬ್ಬಿಯೂ ಇಡಿ.

ಕೊನೇ_ಟ್ರಿಪ್

ನಾನು ಆ ಕಡೆಯ ರೂಟಲ್ಲೇ ಕಂಡಕ್ಟರ್. ಕಳೆದ ವರ್ಷ ವಿಸಿಲ್ ಹಾಕಿದ್ದು ನಾನೂ ಆಗಿರಬಹುದು, ಯಾರಿಗೆ ಗೊತ್ತು.

ಒಂದು ಮಾತು ಹೇಳುತ್ತೇನೆ. ನಮಗೆ ಫುಟ್‌ಬೋರ್ಡಿನಿಂದ ಕಾಣುವುದು ಎಂತ? ಚಪ್ಪರ, ಕುರ್ಚಿ, ನಿಂತ ಜನ. ಮದುವೆಯಾ, ಸನ್ಮಾನವಾ, ಪಾರ್ಟಿಯ ಮೀಟಿಂಗಾ, ಏನೂ ತಿಳಿಯುವುದಿಲ್ಲ. ನೀವು ಮೌನದಲ್ಲಿದ್ದೀರಿ ಅಂತ ಗೊತ್ತಾಗಬೇಕಾದರೆ ಯಾರಾದರೂ ಹೇಳಬೇಕು, ಹೇಳಿದರೆ ಮೌನ ಹೋಯಿತು. ಅದಕ್ಕೆ ಮೊದಲೇ ಹೇಳಿ. ಹಿಂದಿನ ದಿನ ಸ್ಟ್ಯಾಂಡಿಗೆ ಬಂದು ಟೈಮ್‌ಕೀಪರಿಗೆ ಒಂದು ಚೀಟಿ ಕೊಡಿ, ಇಂಥ ಹೊತ್ತಿಗೆ ಇಂಥ ಜಂಕ್ಷನ್‌ನಲ್ಲಿ ಹಾರ್ನ್, ವಿಸಿಲ್ ಬೇಡ ಅಂತ. ಮಧ್ಯಾಹ್ನದೊಳಗೆ ಎಲ್ಲ ಬಸ್ಸಿಗೂ ಸುದ್ದಿ ಮುಟ್ಟುತ್ತದೆ, ವಾಟ್ಸಾಪ್ ಗ್ರೂಪ್ ಉಂಟು ನಮ್ಮದು.

ಬಸ್ಸು ನಿಲ್ಲಿಸಿ ಅಂತ ಮಾತ್ರ ಹೇಳಬೇಡಿ. ಖಾಸಗಿ ಬಸ್ಸಿಗೆ ಎರಡು ನಿಮಿಷ ಅಂದರೆ ಹಿಂದಿನ ಬಸ್ಸು ಮುಂದೆ ಹೋಗಿ ನಮ್ಮ ಜನರನ್ನೆಲ್ಲ ತುಂಬಿಕೊಳ್ಳುವಷ್ಟು ಹೊತ್ತು. 11 ಗಂಟೆಗೇ ಆಗಬೇಕು ಅಂತ ಹಠ ಇದ್ದರೆ ಬಿಡಿ, ಆ ಹೊತ್ತಿಗೆ ಎರಡು ಕಡೆಯಿಂದಲೂ ಬಸ್ಸು ಬರುತ್ತದೆ. ಎರಡು ಟ್ರಿಪ್ಪಿನ ನಡುವೆ ಸ್ವಲ್ಪ ಖಾಲಿ ಹೊತ್ತು ಇರುತ್ತದೆ, ಟೈಮ್‌ಕೀಪರ್ ಹತ್ತಿರ ಕೇಳಿದರೆ ಅವನೇ ಹೇಳುತ್ತಾನೆ. ಮತ್ತೆ ಆ ರಸ್ತೆಯಲ್ಲಿ ಮಣಿಪಾಲಕ್ಕೆ ಆಂಬುಲೆನ್ಸ್ ಹೋಗುತ್ತಾ ಇರುತ್ತದೆ, ಅದು ಕೂಗಿಕೊಂಡೇ ಹೋಗಲಿ.

ಹೆಸರು_ಬೇಡ

ನಾನು ಸಾಮಾನ್ಯವಾಗಿ ಓದುತ್ತೇನೆ, ಬರೆಯುವುದಿಲ್ಲ. ನನ್ನ ಅಣ್ಣ ಸೇನೆಯಲ್ಲಿದ್ದ. ಈಗ ಇಲ್ಲ. ನಮ್ಮನ್ನೂ ಪ್ರತಿ ವರ್ಷ ಎಲ್ಲಾದರೂ ಕರೆಯುತ್ತಾರೆ, ಅಮ್ಮನನ್ನು ಕರೆದುಕೊಂಡು ಹೋಗುವುದು ನಾನೇ.

ಅಣ್ಣನ ಹೆಸರನ್ನು ಸರಿಯಾಗಿ ಹೇಳಿ. ಇದು ಮೊದಲನೆಯದು. ಒಂದು ಕಡೆ ಹೆಸರು ತಪ್ಪಿ ಹೇಳಿದರು, ಅಮ್ಮ ಏನೂ ಅನ್ನಲಿಲ್ಲ, ಆದರೆ ರಿಕ್ಷಾದಲ್ಲಿ ಮನೆವರೆಗೂ ಮಾತಾಡಲಿಲ್ಲ. ಹಿಂದಿನ ದಿನ ಮನೆಯವರಿಗೆ ಫೋನ್ ಮಾಡಿ ಹೆಸರು, ರೆಜಿಮೆಂಟ್ ಕೇಳಿ ಬರೆದುಕೊಳ್ಳಿ, ಅಷ್ಟೇ.

ಮೌನದ ಹೊತ್ತಿಗೆ ಮುಖದ ಹತ್ತಿರ ಮೊಬೈಲು ಹಿಡಿಯಬೇಡಿ ಅಂತ ಹುಡುಗರಿಗೆ ಹೇಳಿ. ಅಳುತ್ತಾರಾ ಅಂತ ಕಾಯುತ್ತಾ ಇರುತ್ತಾರೆ. ಘೋಷಣೆ ಕೂಗುವುದು ಬೇಡ ಅಂತ ಹೇಳುವುದಿಲ್ಲ, ಆದರೆ ಮೌನ ಮುಗಿದ ಮರುಕ್ಷಣ ಕಿವಿಯ ಹತ್ತಿರ ಜೈ ಅಂದರೆ ಅಮ್ಮ ಬೆಚ್ಚಿ ಬೀಳುತ್ತಾಳೆ. ಸ್ವಲ್ಪ ಹೊತ್ತು ಬಿಡಿ.

ಮತ್ತೆ, ಆ ಅಮ್ಮನನ್ನು ಎರಡನೇ ಸಾಲಿನಲ್ಲಿ ಕೂರಿಸಿದ್ದು ಯಾಕೆ? ಮೊದಲ ಸಾಲಿನಲ್ಲಿ ಯಾರಿದ್ದರು?

ಕಾಪು_ದೀಪಸ್ತಂಭ

ಅಕ್ಕ, ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಪಂಚಾಯತಿಯವರು ಇದ್ದರು, ಚಪ್ಪರಕ್ಕೆ ದುಡ್ಡು ಕೊಟ್ಟವರು ಇದ್ದರು. ಈ ಸಲ ಬದಲಾಗುತ್ತದೆ.

ಕಾಪು_ದೀಪಸ್ತಂಭ (ಜುಲೈ 26, ರಾತ್ರಿ)

ಆಯಿತು. ಕೆಲವು ಸರಿಯಾಯಿತು, ಕೆಲವು ಆಗಲಿಲ್ಲ.

ಟೈಮ್‌ಕೀಪರ್ ಕೊಟ್ಟದ್ದು 10.40. ಬ್ಯೂಗಲಿಗೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಸಿಕ್ಕಿದ. ನಡುವೆ ಒಂದು ಸ್ವರ ಒಡೆಯಿತು, ಪಾಪ, ಕಿವಿ ಕೆಂಪಾಯಿತು ಅವನಿಗೆ. ಗಡಿಯಾರ ಹಿಡಿದದ್ದು ನಿವೃತ್ತ ಸುಬೇದಾರ್ ಒಬ್ಬರು, ರೆಪ್ಪೆ ಹೊಡೆಯದೆ ನೋಡುತ್ತಾ ನಿಂತಿದ್ದರು. ಜಂಕ್ಷನ್ನಿನ ಒಂಬತ್ತು ಅಂಗಡಿಯಲ್ಲಿ ಏಳು ಅರ್ಧ ಶಟರ್ ಎಳೆದವು. ಬೇಕರಿಗೆ ಶಟರ್ ಎಳೆಯಲು ಆಗಲಿಲ್ಲ, ಜ್ಯೂಸ್ ಮಿಕ್ಸಿ ಆಫ್ ಮಾಡಿ ಹೊರಗೆ ಬಂದು ನಿಂತರು. ಮೀನು ಮಾರುವ ಅಕ್ಕ ಒಬ್ಬರು, ಟ್ರಾಲ್ ಬೋಟಿಗೆ ಈಗ ರಜೆ ಅಲ್ವಾ, ಬುಟ್ಟಿಯಲ್ಲಿ ಒಣಮೀನು ಮಾತ್ರ ಇತ್ತು, ಅದಕ್ಕೆ ಪ್ಲಾಸ್ಟಿಕ್ ಮುಚ್ಚಿ ತಲೆಯ ಮೇಲಿನ ಗೊರಬನ್ನು ತೆಗೆದು ಮಳೆಯಲ್ಲೇ ನಿಂತರು. ನಾವು ಹೇಳಿದ್ದಲ್ಲ ಅದು. ಒಂದು ಬಸ್ಸು ಬಂತು. ಕಂಡಕ್ಟರ್ ಇಳಿದು ಬಸ್ಸಿನ ಬದಿಗೆ ಮೆಲ್ಲ ಎರಡು ಸಲ ತಟ್ಟಿ ಹತ್ತಿದರು, ವಿಸಿಲ್ ಇಲ್ಲ. ಕೊನೇ_ಟ್ರಿಪ್ ಅವರೇ, ಅದು ನೀವಾಗಿದ್ದರೆ ಥ್ಯಾಂಕ್ಸ್.

ಮೊದಲ ಸಾಲಿನಲ್ಲಿ ಅಮ್ಮ, ಅವರ ಮಗಳು, ಮತ್ತೆ ಇನ್ನೊಂದು ಮನೆಯವರು. ಪಂಚಾಯತಿಯ ಒಬ್ಬರಿಗೆ ಸಿಟ್ಟು ಬಂದಿದೆ, ಇರಲಿ. ಡಬ್ಬಿಯೂ ಇಟ್ಟೆವು ಬೂತಾಯಿ ಅವರೇ, ಹಣವನ್ನು ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಗೆ ಕಟ್ಟಿ ರಶೀದಿ ಬೋರ್ಡಿಗೆ ಹಾಕುತ್ತೇವೆ.

ಆಗದೇ ಹೋದದ್ದು ತಗಡು. ಮೌನ ಸುರುವಾದ ಕೂಡಲೇ ಮಳೆ ಹೊಡೆಯಿತು ನೋಡಿ, ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಹಿಂದಿನ ಸಾಲುಗಳಿಗೆ ರೌಸ್ ಕೇಳಲೇ ಇಲ್ಲ. ಮುಂದಿನ ವರ್ಷಕ್ಕೆ ತಗಡಿನ ಬದಲು ಎಂತ ಹಾಕಬಹುದು, ಯಾರಿಗಾದರೂ ಗೊತ್ತುಂಟಾ?

ಹವಾಲ್ದಾರ್_ಕದ್ರಿ

ಶಾಲೆಯ ಹಾಲ್ ಕೇಳಿ. ಅದಿರಲಿ, ರೌಸ್ ಕೇಳದಿದ್ದರೆ ಹಿಂದಿನವರಿಗೆ ಮುಗಿದದ್ದು ಹೇಗೆ ಗೊತ್ತಾಯಿತು?

ಕಾಪು_ದೀಪಸ್ತಂಭ

ಅಮ್ಮ ಕುಳಿತದ್ದು ನೋಡಿ ಕುಳಿತರು.