ಅಚ್ಚು, ಪಡಿಯಚ್ಚು, ಮಾದರಿ: ಹಳೇ ಕಾರಿನ ಮ್ಯಾನಿಫೋಲ್ಡ್ ಎರಕದಲ್ಲಿ ಯಾವುದಕ್ಕೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಎರಕದ ಕೆಲಸದಲ್ಲಿ ಮರದ ತುಂಡೊಂದನ್ನು ಪೆಟ್ಟಿಗೆಯಲ್ಲಿಟ್ಟು, ಸುತ್ತ ಮರಳು ಬಡಿದು, ಆಮೇಲೆ ತುಂಡನ್ನು ಮೆಲ್ಲಗೆ ಎತ್ತಿ ತೆಗೆಯುತ್ತಾರಲ್ಲ, ಆ ಮರದ ತುಂಡಿಗೆ ಫೌಂಡ್ರಿಯವರು ‘ಪ್ಯಾಟರ್ನ್’ ಅನ್ನುತ್ತಾರೆ. ಅದನ್ನು ತೆಗೆದ ಮೇಲೆ ಮರಳಿನಲ್ಲಿ ಉಳಿಯುವ ಪೊಳ್ಳಿಗೆ ‘ಮೋಲ್ಡ್’. ಕನ್ನಡದಲ್ಲಿ ಬರೆಯಲು ಕೂತರೆ ಎರಡಕ್ಕೂ ‘ಅಚ್ಚು’ ಎಂದೇ ಕೈ ಓಡುತ್ತದೆ. ಪ್ಯಾಟರ್ನಿಗೆ ಮಾತ್ರ ಸಲ್ಲುವ, ಯಾವುದಾದರೂ ಕಸುಬಿನವರ ಬಾಯಲ್ಲಿ ಇವತ್ತೂ ಇರುವ ಕನ್ನಡ ಪದ ಇದೆಯೇ? ನಿಘಂಟಿನ ‘ಮಾದರಿ’, ‘ನಮೂನೆ’ ಯಾಕೆ ಸಾಲದು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಹಳೇ ಕಾರು ಸಾಕಿಕೊಂಡಿರುವ ಕೆಲವು ಗೆಳೆಯರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವಿಷಯ, ಎಲ್ಲೂ ಸಿಗದ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು, ಅಂದರೆ ಎಂಜಿನ್ನಿನ ಸಿಲಿಂಡರುಗಳಿಂದ ಬರುವ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ ಕೊಳವೆಯನ್ನು, ಹೊಸದಾಗಿ ಎರಕ ಹೊಯ್ಸಿ ಕೂರಿಸಿಕೊಳ್ಳುವುದು. ಉದಾಹರಣೆಗೆ ಇಟ್ಟುಕೊಂಡಿರುವುದು ಫೋರ್ಡ್ ಮಾಡೆಲ್ ಎ. 1927ರ ಕೊನೆಯಲ್ಲಿ ಹೊರಬಂದು ಹೆಚ್ಚುಕಮ್ಮಿ 48 ಲಕ್ಷ ತಯಾರಾದ ಕಾರು. ನಾಲ್ಕು ಸಿಲಿಂಡರು, 3.3 ಲೀಟರು, 40 ಅಶ್ವಶಕ್ತಿ. ಅಮೆರಿಕದಲ್ಲಿ ಇದರ ಹೊಸ ಮ್ಯಾನಿಫೋಲ್ಡ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ ನಿಜ. ಆದರೆ ಇದರ ಕಾಯಿಲೆ ಎಲ್ಲರಿಗೂ ಗೊತ್ತಿರುವಂಥದ್ದು, ಕೆಲಸ ವಿವರಿಸುವುದಕ್ಕೆ ಅನುಕೂಲ.

ಕಾಯಿಲೆ ಏನೆಂದರೆ, ಮ್ಯಾನಿಫೋಲ್ಡಿನ ಹಿಂಭಾಗ, ಅಂದರೆ ಸೈಲೆನ್ಸರ್ ಪೈಪು ಬಂದು ಸೇರುವ ತುದಿ, ವರ್ಷಗಳು ಕಳೆದಂತೆ ಜೋತುಬೀಳುತ್ತದೆ. ಅರ್ಧ ಮೀಟರ್ ಉದ್ದದ ಬೀಡು ಕಬ್ಬಿಣ (ಎರಕದ ಕಬ್ಬಿಣ) 500 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು ಎರಡೂಮುಕ್ಕಾಲು ಮಿಲಿಮೀಟರ್ ಹಿಗ್ಗುತ್ತದೆ. ಅದನ್ನು ಹಿಡಿದಿರುವ ಎಂಜಿನ್ ಬ್ಲಾಕಿನ ಬಿಸಿ ನೂರು ಡಿಗ್ರಿಯ ಆಸುಪಾಸು, ಅದು ಹಿಗ್ಗುವುದು ಅರ್ಧ ಮಿಲಿಮೀಟರ್. ಆದ್ದರಿಂದ ಮ್ಯಾನಿಫೋಲ್ಡಿಗೆ ಜಾರಲು ಜಾಗ ಬೇಕು. ನಟ್ಟುಗಳನ್ನು ಜೀವ ಹೋಗುವಂತೆ ಬಿಗಿದರೆ ಅದು ಬಾಗುತ್ತದೆ, ಇಲ್ಲವೇ ಬಿರಿಯುತ್ತದೆ. (ಆ ನಟ್ಟುಗಳು ಹಿತ್ತಾಳೆಯವು ಇರಲಿ. ಉಕ್ಕಿನವಾದರೆ ಸ್ಟಡ್ಡಿಗೆ, ಅಂದರೆ ಬ್ಲಾಕಿನಿಂದ ಚಾಚಿರುವ ತಿರುಪಿನ ಸರಳಿಗೆ, ತುಕ್ಕಿನಿಂದ ಅಂಟಿಕೊಂಡು, ಬಿಚ್ಚುವಾಗ ಸ್ಟಡ್ಡನ್ನೇ ಮುರಿದುಕೊಂಡು ಬರುತ್ತವೆ.)

ಹಿಗ್ಗಿದ್ದು ಆರಿದ ಮೇಲೆ ಕುಗ್ಗುತ್ತದೆ, ಸರಿ. ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ನಡೆಯುತ್ತದೆ. ಬೀಡು ಕಬ್ಬಿಣ ಮತ್ತೆ ಮತ್ತೆ ಕೆಂಪಗೆ ಕಾದು ಆರುತ್ತಿದ್ದರೆ ಅದರೊಳಗಿನ ಕಬ್ಬಿಣದ ಕಾರ್ಬೈಡ್ ಒಡೆದು ಗ್ರಾಫೈಟ್ ಆಗುತ್ತದೆ, ಗಾತ್ರ ತುಸು ಹೆಚ್ಚಾಗುತ್ತದೆ. ಈ ಹೆಚ್ಚಳ ಮತ್ತೆ ಇಳಿಯುವುದಿಲ್ಲ. ಲೋಹದವರು ಇದನ್ನು ‘ಗ್ರೋತ್’ ಎಂದೇ ಕರೆಯುತ್ತಾರೆ. ಕನ್ನಡದಲ್ಲಿ ನಾನು ‘ಹಿಗ್ಗು’ ಮತ್ತು ‘ಬೆಳೆ’ ಎಂದು ಎರಡನ್ನೂ ಬೇರೆ ಬೇರೆ ಇಟ್ಟಿದ್ದೇನೆ: ಕಬ್ಬಿಣ ಬಿಸಿಗೆ ಹಿಗ್ಗುತ್ತದೆ, ವಯಸ್ಸಿಗೆ ಬೆಳೆಯುತ್ತದೆ. ಇದಕ್ಕೆ ಯಾರದೂ ತಕರಾರು ಇರಲಾರದು ಅಂದುಕೊಂಡಿದ್ದೇನೆ.

ಹೀಗೆ ಜೋತುಬಿದ್ದು, ಬೆಳೆದು, ಬಿರುಕುಬಿಟ್ಟ ತುಂಡನ್ನು ಹಿಡಿದುಕೊಂಡು ಫೌಂಡ್ರಿಗೆ ಹೋದವರು ಸಾಮಾನ್ಯವಾಗಿ ಹೇಳುವುದು ‘ಇದರ ಅಚ್ಚು ತೆಗೆದು ಇನ್ನೊಂದು ಮಾಡಿಕೊಡಿ’ ಎಂದು. ಬೆಳಗಾವಿಯ ಉದ್ಯಮಬಾಗದಲ್ಲಿ ಒಬ್ಬ ಮೇಸ್ತ್ರಿ ಇದಕ್ಕೆ ಕೊಟ್ಟ ಉತ್ತರವನ್ನು ಬರೆದಿಟ್ಟುಕೊಂಡಿದ್ದೇನೆ: “ಇದನ್ನ ಮರಳಿಗೆ ಒತ್ತಿದ್ರ ಸಣ್ಣದಾಗಿ ಬರ್ತೈತ್ರಿ ಸರ. ಬೀಡು ಆರಿದ ಮ್ಯಾಲ ಕುಗ್ಗತೈತಿ. ಇದು ಬರೇ ಸ್ಯಾಂಪಲ್ಲು, ಪ್ಯಾಟರ್ನ್ ಬ್ಯಾರೆ ಮಾಡಬೇಕ್ರಿ.”

ನನ್ನ ಪದದ ತೊಡಕು ಪೂರ್ತಿ ಈ ಮಾತಿನಲ್ಲೇ ಇದೆ. ಕರಗಿದ ಕಬ್ಬಿಣ ಗಟ್ಟಿಯಾಗಿ ಆರುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುತ್ತದೆ. ಒಂದು ಅಡಿ ಉದ್ದಕ್ಕೆ ಇಂಚಿನ ಎಂಟನೇ ಒಂದು ಪಾಲು ಎಂಬುದು ಹಳೇ ಲೆಕ್ಕ. ಅರ್ಧ ಮೀಟರಿನ ತುಂಡು 5 ಮಿಲಿಮೀಟರ್ ಗಿಡ್ಡವಾಗಿ ಬಂದರೆ ಅದರ ತೂತುಗಳು ಎಂಜಿನ್ನಿನ ಸ್ಟಡ್ಡುಗಳಿಗೆ ಹೊಂದುವುದಿಲ್ಲ. ಅದಕ್ಕೇ ಪ್ಯಾಟರ್ನ್ ಮಾಡುವ ಬಡಗಿಯ ಅಳತೆಪಟ್ಟಿಯೇ ಬೇರೆ, ಅದರ ಒಂದೊಂದು ಇಂಚೂ ಆ ಪಾಲಿನಷ್ಟು ಉದ್ದ. ಅಷ್ಟೇ ಅಲ್ಲ, ಫ್ಲ್ಯಾಂಜಿನ, ಅಂದರೆ ಎಂಜಿನ್ನಿಗೆ ತಾಗಿ ಕೂರುವ ಚಪ್ಪಟೆ ಅಂಚಿನ, ಮುಖಕ್ಕೆ ಮೆಷಿನ್ನಿನಲ್ಲಿ ಫೇಸ್ ಹೊಡೆಸಿ ಮಟ್ಟ ಮಾಡಿಸಬೇಕು, ಅದಕ್ಕೆಂದು ಅಲ್ಲಿ ಎರಡು-ಮೂರು ಮಿಲಿಮೀಟರ್ ದಪ್ಪ ಬಿಟ್ಟಿರಬೇಕು. ಮರಳು ಕೆಡದ ಹಾಗೆ ಎತ್ತಲು ಬದಿಗಳಿಗೆಲ್ಲ ತುಸು ಇಳಿಜಾರು ಕೊಡಬೇಕು. ಒಳಗಿನ ಕೋರ್ (ಟೊಳ್ಳು ಉಳಿಸಲು ಇಡುವ ಮರಳಿನ ತುಂಡು) ಕೂರಲು ತುದಿಗಳಲ್ಲಿ ಮೂಗಿನಂತೆ ಚಾಚಿದ ಭಾಗ ಬೇಕು. ಮೂಲದ ಮ್ಯಾನಿಫೋಲ್ಡಿನಲ್ಲಿ ಅದು ಇರುವುದೇ ಇಲ್ಲ. ಅಳತೆಯನ್ನೂ ಜೋತುಬಿದ್ದ ಹಳೇ ತುಂಡಿನಿಂದ ಹಿಡಿಯುವ ಹಾಗಿಲ್ಲ, ಎಂಜಿನ್ ಬ್ಲಾಕಿನ ಮೇಲಿನ ಸ್ಟಡ್ಡುಗಳ ನಡುವಿನ ಅಂತರದಿಂದ ಹಿಡಿಯಬೇಕು. ಇಲ್ಲದಿದ್ದರೆ ಹೊಸ ಮ್ಯಾನಿಫೋಲ್ಡ್ ಹುಟ್ಟುವಾಗಲೇ ಸೊಂಟ ಮುರಿದುಕೊಂಡಿರುತ್ತದೆ.

ಹೀಗಿರುವಾಗ ಪ್ಯಾಟರ್ನಿಗೆ ‘ಪಡಿಯಚ್ಚು’ ಎನ್ನುವುದು ಸರಿಯಲ್ಲ ಎಂಬುದು ನನ್ನ ವಾದ. ‘ಪಡಿ’ ಎಂದರೆ ಸಂಸ್ಕೃತದ ‘ಪ್ರತಿ’, ಪಡಿನೆಳಲಿನಲ್ಲಿರುವ ಪಡಿ. ‘ಅಪ್ಪನ ಪಡಿಯಚ್ಚು’ ಎಂದಾಗ ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲ ಎಂಬ ಅರ್ಥ ಬರುತ್ತದೆ. ಪ್ಯಾಟರ್ನ್ ಅಂಥದ್ದಲ್ಲ. ಅದು ಬೇಕೆಂದೇ ದೊಡ್ಡದು, ಬೇಕೆಂದೇ ಸೊಟ್ಟ, ಮೂಲದಲ್ಲಿಲ್ಲದ ಮೂಗುಗಳಿರುವಂಥದ್ದು. ‘ಮಾದರಿ’ಯೂ ಬೇಡ, ಯಾಕೆಂದರೆ ಆ ಪದ ಕೈಯಲ್ಲಿರುವ ಹಳೇ ತುಂಡಿಗೆ, ಅಂದರೆ ಮೇಸ್ತ್ರಿಯ ‘ಸ್ಯಾಂಪಲ್ಲಿಗೆ’ ಬೇಕು. ಮಾದರಿ ಬೇರೆ, ಪ್ಯಾಟರ್ನ್ ಬೇರೆ ಎಂಬುದೇ ಕೈಪಿಡಿಯ ಮೊದಲ ಪಾಠ. ಎರಡಕ್ಕೂ ಒಂದೇ ಪದ ಹಾಕಿದರೆ ಓದಿದವನು ನೇರವಾಗಿ ಹಳೇ ತುಂಡನ್ನು ಮರಳಿಗೆ ಒತ್ತಿಸಿ ದುಡ್ಡು ಕಳೆದುಕೊಳ್ಳುತ್ತಾನೆ.

‘ಮರದ ಅಚ್ಚು’ ಎಂದರೆ ಸಾಲದೇ ಎಂದು ಕೆಲವರು ಕೇಳಿದರು. ಕನ್ನಡದವರಿಗೆ ಮರದ ಅಚ್ಚು ಎಂದೊಡನೆ ಕಣ್ಣಿಗೆ ಬರುವುದು ಸಂಕ್ರಾಂತಿಯ ಸಕ್ಕರೆ ಅಚ್ಚು. ಎರಡು ಹೋಳಿನ ಮರದ ಒಳಮೈಯಲ್ಲಿ ಆನೆ, ನವಿಲು, ಗೋಪುರ ಕೊರೆದಿರುತ್ತದೆ, ಹೋಳುಗಳನ್ನು ಜೋಡಿಸಿ ಕಟ್ಟಿ ಪಾಕ ಹೊಯ್ಯುತ್ತಾರೆ. ಅಲ್ಲಿ ಮರ ಪೊಳ್ಳು. ಫೌಂಡ್ರಿಯ ಪ್ಯಾಟರ್ನಿನಲ್ಲಿ ಮರ ಗಟ್ಟಿ, ಮರಳು ಪೊಳ್ಳು. ತಲೆಕೆಳಗು. ಇನ್ನೂ ಸ್ವಾರಸ್ಯವೆಂದರೆ ಕೊರೆದ ಮರವೂ ಸಕ್ಕರೆ ಅಚ್ಚೇ, ಅದರಿಂದ ಬಿಡಿಸಿ ಎಳ್ಳು ಬೆಲ್ಲದ ಜೊತೆ ತಟ್ಟೆಯಲ್ಲಿಡುವ ಬಿಳಿ ಆನೆಯೂ ಸಕ್ಕರೆ ಅಚ್ಚೇ. ಬೆಲ್ಲದ್ದೂ ಇದೇ ಕಥೆ, ಅಚ್ಚು ಬೆಲ್ಲ. ಅಂದರೆ ಕನ್ನಡದ ಅಚ್ಚು ಪೊಳ್ಳನ್ನೂ ಹೇಳುತ್ತದೆ, ಪೊಳ್ಳಿನಿಂದ ಬಂದದ್ದನ್ನೂ ಹೇಳುತ್ತದೆ. ಪೊಳ್ಳನ್ನು ಮೂಡಿಸುವ ವಸ್ತುವನ್ನೂ ಅದರ ತಲೆಗೇ ಕಟ್ಟಿದರೆ ಮೂರು ಹೊರೆಯಾಯಿತು. ಕಾರಿನ ವಿಷಯದಲ್ಲಿ ನಾಲ್ಕನೆಯದೂ ಇದೆ: ಗಾಡಿಯ ಎರಡು ಗಾಲಿಗಳ ನಡುವಿನ ಕಬ್ಬಿಣವೂ ಅಚ್ಚು. ‘ಕಾರಿನ ಅಚ್ಚು ಮುರಿದಿದೆ’ ಎಂದು ಬರೆದರೆ ಹಳ್ಳಿಯ ಓದುಗರು ಆಕ್ಸಲ್ ಮುರಿಯಿತೆಂದೇ ತಿಳಿಯುತ್ತಾರೆ, ಅವರ ತಪ್ಪೇನಿಲ್ಲ.

ಇನ್ನು ಕೋರ್. ಮ್ಯಾನಿಫೋಲ್ಡ್ ಒಳಗೆ ಟೊಳ್ಳು. ಆ ಟೊಳ್ಳಿನ ಆಕಾರದ ಮರಳಿನ ತುಂಡನ್ನು ಬೇರೆ ಮಾಡಿ ಮರಳಿನ ಅಚ್ಚಿನೊಳಗೆ ಮಲಗಿಸುತ್ತಾರೆ. ಕಬ್ಬಿಣ ಅದರ ಸುತ್ತ ಹರಿದು ಐದಾರು ಮಿಲಿಮೀಟರಿನ ಗೋಡೆಯಾಗುತ್ತದೆ. ಹಳೇ ಪದ್ಧತಿಯಲ್ಲಿ ಮರಳಿಗೆ ಅಗಸೆ ಎಣ್ಣೆ ಕಲಸಿ, ಪೆಟ್ಟಿಗೆಯಲ್ಲಿ ತುಂಬಿ ರೂಪ ಕೊಟ್ಟು, 200 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಿದ್ದರು. ಬೆಂದ ಕೋರ್ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ, ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ. 1,350 ಡಿಗ್ರಿಯ ಕಬ್ಬಿಣ ಬಂದು ಮುಟ್ಟಿದಾಗ ಎಣ್ಣೆ ಸುಟ್ಟುಹೋಗುತ್ತದೆ. ಎರಕ ಆರಿದ ಮೇಲೆ ಸುತ್ತಿಗೆಯಿಂದ ನಾಲ್ಕು ತಟ್ಟು ತಟ್ಟಿದರೆ ಮರಳು ಪುಡಿಪುಡಿಯಾಗಿ ಸುರಿಯುತ್ತದೆ. ಈಗ ಬಹಳ ಕಡೆ ಸೋಡಿಯಂ ಸಿಲಿಕೇಟ್ ಕಲಸಿದ ಮರಳಿಗೆ ಕಾರ್ಬನ್ ಡೈಆಕ್ಸೈಡ್ ಊದಿ ಕ್ಷಣದಲ್ಲಿ ಗಟ್ಟಿ ಮಾಡುತ್ತಾರೆ. ಬೇಗ ಆಗುತ್ತದೆ ನಿಜ, ಆದರೆ ಅದು ಬಿಸಿ ತಿಂದು ಕಲ್ಲಾಗಿಬಿಡುತ್ತದೆ, ಮ್ಯಾನಿಫೋಲ್ಡಿನ ಬಾಗಿದ ಕೊಳವೆಯೊಳಗಿಂದ ಕೆರೆದು ತೆಗೆಯುವವನ ಪಾಡು ಬೇಡ. ಹಳೇ ಕಾರಿನ ಒಂದೆರಡು ತುಂಡಿಗಾದರೆ ಅಗಸೆ ಎಣ್ಣೆಯೇ ಮೇಲು ಎಂದು ಕೈಪಿಡಿಯಲ್ಲಿ ಬರೆದಿದ್ದೇನೆ. ಕೋರ್ ತೇಲುತ್ತದೆ ಎಂಬುದೂ ಅನೇಕರಿಗೆ ಹೊಳೆಯುವುದಿಲ್ಲ. ಕರಗಿದ ಕಬ್ಬಿಣ ಮರಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ. ತುದಿಗಳಲ್ಲಿ ಹಿಡಿತವಿಲ್ಲದಿದ್ದರೆ ಕೋರ್ ಮೇಲೆದ್ದು, ಮೇಲಿನ ಗೋಡೆ ಕಾಗದದಷ್ಟು ತೆಳ್ಳಗಾಗುತ್ತದೆ. ಪ್ಯಾಟರ್ನಿಗೆ ಮೂಗು ಇರುವುದು ಈ ಹಿಡಿತಕ್ಕಾಗಿಯೇ.

ಕೋರ್‌ಗೆ ‘ತಿರುಳು’ ಎಂಬ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ತಿರುಳು ಎಂದರೆ ಉಳಿಯುವ ಸಾರ, ಇದು ಸುರಿದು ಹೋಗುವ ಮರಳು. ಶಿಲ್ಪಶಾಸ್ತ್ರದಲ್ಲಿ ಗಟ್ಟಿ ಎರಕಕ್ಕೆ ‘ಘನ’, ಟೊಳ್ಳು ಎರಕಕ್ಕೆ ‘ಸುಷಿರ’ ಎಂಬ ಪದಗಳಿವೆ. ಅವು ಮೂರ್ತಿಯನ್ನು ಹೇಳುತ್ತವೆ, ಒಳಗಿನ ಮಣ್ಣನ್ನಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮೇಣದ ಬೊಂಬೆ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಲೋಹ ಹೊಯ್ಯುವ ವಿಧಾನ ಇದೆ, ಮೇಣ ತೂಗಿ ಅದರ ಇಂತಿಷ್ಟು ಪಟ್ಟು ಲೋಹ ತೆಗೆದುಕೊಳ್ಳಬೇಕೆಂಬ ಲೆಕ್ಕವೂ ಇದೆ. ಆದರೆ ಆ ಮೇಣದ ಬೊಂಬೆ ಒಂದು ಎರಕಕ್ಕೆ ಕರಗಿ ಮುಗಿಯುತ್ತದೆ. ಮರದ ಪ್ಯಾಟರ್ನ್ ಕಪಾಟಿನಲ್ಲಿ ಕೂತು ಮುಂದಿನ ಗಿರಾಕಿಗೂ ಆಗುತ್ತದೆ. ಹಾಗಾಗಿ ಅಲ್ಲಿನ ಪದವನ್ನು ಎತ್ತಿ ಇಲ್ಲಿಡಲು ಮನಸ್ಸಿಲ್ಲ. ಕೋರ್ ಕೋರ್ ಆಗಿಯೇ ಇರಲಿ. ಸಕ್ಕರೆ ಅಚ್ಚಿನ ನಿಜವಾದ ನೆಂಟ, ಅಂದರೆ ಒಳಗೆ ಕೊರೆದ ಪೊಳ್ಳು ಮರ, ಫೌಂಡ್ರಿಯಲ್ಲಿ ಇರುವುದು ಕೋರ್ ಮಾಡುವ ಪೆಟ್ಟಿಗೆಯಲ್ಲಿ. ಅದನ್ನು ಮಾತ್ರ ‘ಕೋರ್ ಅಚ್ಚು’ ಎಂದು ಧೈರ್ಯವಾಗಿ ಬರೆದಿದ್ದೇನೆ.

ಮ್ಯಾನಿಫೋಲ್ಡಿಗೆ ಕನ್ನಡ ಪದ ಬೇಕೆಂದು ನಾನು ಹಟ ಹಿಡಿದಿಲ್ಲ. ‘ಹೊಗೆ ಕವಲು’ ಎಂದು ಒಬ್ಬರು ಸೂಚಿಸಿದ್ದರು. ಕವಲು ಎಂದರೆ ಒಂದು ಹಲವಾಗುವುದು, ಅದು ಸಿಲಿಂಡರುಗಳಿಗೆ ಗಾಳಿ, ಪೆಟ್ರೋಲು ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸಲ್ಲುತ್ತದೆ. ಎಕ್ಸಾಸ್ಟಿನದು ಹಲವು ಬಂದು ಒಂದಾಗುವ ಕೂಡಲು. ಎಕ್ಸಾಸ್ಟಿಗೆ ಪಠ್ಯಪುಸ್ತಕ ಕೊಡುವ ‘ನಿಷ್ಕಾಸ’ ಗ್ಯಾರೇಜಿನ ಹೊಸ್ತಿಲು ದಾಟಿ ಬಂದಿಲ್ಲ, ಬರುವುದೂ ಬೇಡ. ಮ್ಯಾನಿಫೋಲ್ಡಿಗೂ ಬ್ಲಾಕಿಗೂ ನಡುವೆ ಹೊಗೆ ಸೋರದಂತೆ ಇಡುವ ಗ್ಯಾಸ್ಕೆಟ್ಟಿಗೆ ‘ಪ್ಯಾಕಿಂಗ್’ ಎಂದೇ ಇಟ್ಟಿದ್ದೇನೆ. ಹಳೇ ಪ್ಯಾಕಿಂಗುಗಳಲ್ಲಿ ತಾಮ್ರದ ಹಾಳೆಗಳ ನಡುವೆ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಒಣಗಿದ್ದನ್ನು ಕೆರೆದು ಊದಬೇಡಿ ಎಂಬ ಎಚ್ಚರಿಕೆಯನ್ನೂ ಸೇರಿಸಿದ್ದೇನೆ.

ಬೀಡು ಕಬ್ಬಿಣದ ‘ಬೀಡು’ ಬೀಡುಬಿಡುವ ಬೀಡಲ್ಲ. ಮರಾಠಿಯಲ್ಲಿ ಎರಕದ ಕಬ್ಬಿಣಕ್ಕೆ ‘ಬೀಡ’. ದೋಸೆ ಹೊಯ್ಯುವ ದಪ್ಪ ಕಾವಲಿ ಅವರಿಗೆ ‘ಬಿಡಾಚಾ ತವಾ’. ಬೆಳಗಾವಿಯ ಕಡೆ ಹೇಳಿದರೆ ತಟ್ಟನೆ ತಿಳಿಯುತ್ತದೆ. ಮೈಸೂರು, ಬೆಂಗಳೂರಿನ ಓದುಗರಿಗಾಗಿ ‘ಎರಕದ ಕಬ್ಬಿಣ’ ಎಂದೂ ಒಂದೆರಡು ಕಡೆ ಬರೆಯಬೇಕಾಯಿತು.

ಕೊನೆಯ ತೊಡಕು, ತಯಾರಾಗಿ ಬಂದ ಹೊಸ ತುಂಡಿನ ಹೆಸರು. ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳಲ್ಲಿ ‘ಒರಿಜಿನಲ್ ಬೇಕಾ ಸಾರ್, ಲೋಕಲ್ ಸಾಕಾ?’ ಎಂದು ಕೇಳುತ್ತಾರೆ. ಲೋಕಲ್, ಡೂಪ್ಲಿಕೇಟ್, ನಕಲಿ, ಮೂರರಲ್ಲೂ ಮೋಸದ ವಾಸನೆ ಇದೆ. ‘ಬದಲಿ ಭಾಗ’ ಎಂದರೆ ಬೇರೆ ಯಾವುದೋ ಕಾರಿನದನ್ನು ತಂದು ಸಿಕ್ಕಿಸಿದ್ದೂ ಆಗುತ್ತದೆ. ಕಾನೂನಿನಲ್ಲೂ ಈ ಭೇದಕ್ಕೆ ಬೆಲೆ ಇದೆ: ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಗಳಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರು ಸಿಗುತ್ತದೆ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅದೇ ಲೋಹದಲ್ಲಿ, ಅದೇ ಆಕಾರದಲ್ಲಿ, ಅದೇ ತೂತುಗಳಿಗೆ ಕೂರುವ ಹಾಗೆ ಹೊಯ್ದ ತುಂಡಿಗೆ ಗೌರವದ ಹೆಸರೊಂದು ಬೇಕು. ‘ಪಡಿ’ ಇಲ್ಲಿ ಹೊಂದುತ್ತದೆ ಎನಿಸುತ್ತದೆ, ಯಾಕೆಂದರೆ ಮೂಲಕ್ಕೆ ಪ್ರತಿಯಾಗಿ ನಿಲ್ಲುವುದು ಈ ತುಂಡೇ. ‘ಪಡಿಯಚ್ಚು’ ಎಂದರೆ ಮತ್ತೆ ಅಚ್ಚಿನ ಗೊಂದಲ. ‘ಪಡಿಯೆರಕ’ ಎಂದರೆ ಹೇಗೆ? ಪಡಿತರದ ಅಂಗಡಿ ನೆನಪಾಗುತ್ತದೆಯೇ?

ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳ ಒಡನಾಟ ಇರುವವರು, ನಾಗಮಂಗಲದ ಲೋಹಶಿಲ್ಪದ ಮನೆತನಗಳನ್ನು ಬಲ್ಲವರು, ಗಂಟೆ, ಪಾತ್ರೆ ಎರಕದವರ ಮಾತು ಕೇಳಿದವರು ದಯವಿಟ್ಟು ತಿಳಿಸಿ: ಮರಳಿಗೋ ಮಣ್ಣಿಗೋ ಒತ್ತುವ ಗಟ್ಟಿ ರೂಪಕ್ಕೆ ಅವರು ಏನೆನ್ನುತ್ತಾರೆ? ಮರಾಠಿಯ ‘ಸಾಚಾ’ ಬೆಳಗಾವಿಯ ಕನ್ನಡದಲ್ಲಿ ಮೋಲ್ಡಿಗೆ ಮಾತ್ರ ನಡೆಯುತ್ತದೆಯೋ, ಪ್ಯಾಟರ್ನಿಗೂ ನಡೆಯುತ್ತದೆಯೋ? ಹೊಸದಾಗಿ ಕಟ್ಟಿದ ಪದಗಳನ್ನೂ ಕಳಿಸಬಹುದು, ಆದರೆ ಆಡುಮಾತಿನ ಪದ ಸಿಕ್ಕರೆ ಅದಕ್ಕೇ ಮೊದಲ ಮಣೆ. ಬರೆಯುವಾಗ ಊರು ಯಾವುದು, ಕಸುಬು ಯಾವುದು ಎಂಬುದನ್ನೂ ಜೊತೆಗೆ ಹೇಳಿ.