ಪೆರೋವ್‌ಸ್ಕೈಟ್ ಸೋಲಾರ್ ಸೆಲ್ ವಿಕಿರಣ ತಾಳುತ್ತದೆ ಅಂದಮೇಲೆ ಉಪಗ್ರಹಕ್ಕೆ ಇನ್ನೂ ಗ್ಯಾಲಿಯಂ ಆರ್ಸೆನೈಡ್ ಯಾಕೆ?

ಕಪ್ಪುಹಾಳೆ: ನೇರವಾಗಿ ಕೇಳುತ್ತೇನೆ. ಉಪಗ್ರಹಕ್ಕೆ ಇವತ್ತಿಗೂ ಗ್ಯಾಲಿಯಂ ಆರ್ಸೆನೈಡ್ ಇರುವ ಆ ಮೂರು ಪದರದ ದುಬಾರಿ ಸೆಲ್ಲೇ ಬೇಕು ಅಂತ ಯಾಕೆ ಹಟ? ಪೆರೋವ್‌ಸ್ಕೈಟ್ (ಲೆಡ್, ಅಯೊಡೈಡ್ ಸೇರಿದ ಹರಳಿನ ವಸ್ತು) ಸೆಲ್ 2009ರಲ್ಲಿ ಶುರುವಾದಾಗ ದಕ್ಷತೆ ಬರೀ 3.8% ಇತ್ತು. ಈಗ 26% ದಾಟಿದೆ. ಪದರದ ದಪ್ಪ ಅರ್ಧ ಮೈಕ್ರಾನ್, ದ್ರಾವಣ ಮಾಡಿ ಬಳಿದರೆ ಸಾಕು. ಎಲ್ಲಕ್ಕಿಂತ ದೊಡ್ಡ ವಿಷಯ, ವಿಕಿರಣದ ಪ್ರೋಟಾನ್ ಹೊಡೆತ ತಿಂದರೂ ಆಮೇಲೆ ತಾನೇ ವಾಸಿಯಾಗುತ್ತದೆ. 2016ರಲ್ಲೇ ಬರ್ಲಿನ್‌ನ ಸಂಶೋಧಕರು ಪ್ರಯೋಗ ಮಾಡಿ ತೋರಿಸಿಕೊಟ್ಟಿದ್ದಾರೆ. ಇನ್ನೇನು ಬೇಕು?

ತಂತಿಗರಗಸ: "ಬಳಿದರೆ ಸಾಕು" ಅಂತೆ. ನೀವು ಯಾವತ್ತಾದರೂ ಬಳಿದಿದ್ದೀರಾ? ನಾನು ಎರಡು ವರ್ಷ ಅದೇ ಕೆಲಸ ಮಾಡಿದ್ದೇನೆ. ಗಾಜಿನ ತುಂಡು ಗಿರ್ರನೆ ತಿರುಗುತ್ತಿರುವಾಗಲೇ ಮೇಲಿನಿಂದ ಆಂಟಿಸಾಲ್ವೆಂಟ್ (ದ್ರಾವಣದಿಂದ ಹರಳು ಬೇಗ ಕೂರುವ ಹಾಗೆ ಮಾಡುವ ದ್ರವ) ಹನಿಸಬೇಕು. ಎರಡು ಸೆಕೆಂಡು ಆಚೀಚೆ ಆಯಿತೋ, ಕನ್ನಡಿ ಥರ ಹೊಳೆಯಬೇಕಾದ ಪದರ ಬೂದಿ ಹಚ್ಚಿದ ಹಾಗೆ ಮಂಕಾಗುತ್ತದೆ. ಅದನ್ನು ತೇವದ ಗಾಳಿಯಲ್ಲಿ ಬಿಟ್ಟರೆ ಅಂಚಿನಿಂದ ಹಳದಿ ಹತ್ತಿಕೊಂಡು ಬರುತ್ತದೆ, ಅಂದರೆ ಪೆರೋವ್‌ಸ್ಕೈಟ್ ಒಡೆದು ಬರೀ ಲೆಡ್ ಅಯೊಡೈಡ್ ಉಳಿಯಿತು ಅಂತ. ಉಗುರಿನಷ್ಟು ಸೆಲ್ಲಿಗೇ ಇಷ್ಟು ಗೋಳು! ಸಿಲಿಕಾನ್ ಹಾಗಲ್ಲ ಸ್ವಾಮಿ. 1958ರಲ್ಲಿ ವ್ಯಾನ್‌ಗಾರ್ಡ್ 1 ಉಪಗ್ರಹದ ಮೇಲೆ ಕೂತು ಹೋದದ್ದು ಸಿಲಿಕಾನ್, 1964ರವರೆಗೂ ಸಿಗ್ನಲ್ ಕೊಟ್ಟಿತು.

ಮೂರುಪದರ: ವ್ಯಾನ್‌ಗಾರ್ಡ್ ಹೇಳಿದವರು ಟೆಲ್‌ಸ್ಟಾರ್ ಕತೆಯನ್ನೂ ಹೇಳಿ ಮತ್ತೆ. 1962ರಲ್ಲಿ ಅಮೆರಿಕದವರು ಆಕಾಶದಲ್ಲಿ ಅಣುಬಾಂಬ್ ಸಿಡಿಸಿದರು, ಟೆಲ್‌ಸ್ಟಾರಿನ ಸಿಲಿಕಾನ್ ಸೆಲ್‌ಗಳು ಸತ್ತವು, ಉಪಗ್ರಹವೂ ಸತ್ತಿತು. ಸಿಲಿಕಾನ್ ದಪ್ಪ ಇರಲೇಬೇಕು, ಇಲ್ಲದಿದ್ದರೆ ಬೆಳಕು ಹೀರಲ್ಲ. ದಪ್ಪ ಇದ್ದರೆ ಎಲೆಕ್ಟ್ರಾನ್ ದೂರ ನಡೆಯಬೇಕು, ವಿಕಿರಣ ಮಾಡಿದ ಒಂದೊಂದು ದೋಷವೂ ಅದರ ದಾರಿಯಲ್ಲಿ ಗುಂಡಿ. ಗ್ಯಾಲಿಯಂ ಇಂಡಿಯಂ ಫಾಸ್ಫೈಡ್, ಗ್ಯಾಲಿಯಂ ಆರ್ಸೆನೈಡ್, ಜರ್ಮೇನಿಯಂ ಒಂದರ ಮೇಲೊಂದು ಬೆಳೆಸಿದ ಸೆಲ್ ಸುಮಾರು 30% ಕೊಡುತ್ತದೆ. 1 ಎಂಇವಿ (ಎಂಇವಿ ಅಂದರೆ ಕಣದ ಎನರ್ಜಿ ಅಳೆಯುವ ಮಾನ) ಎಲೆಕ್ಟ್ರಾನ್‌ಗಳನ್ನು ಚದರ ಸೆಂಟಿಮೀಟರಿಗೆ 10ರ ಘಾತ 15ರಷ್ಟು ಸುರಿದ ಮೇಲೂ ಮೊದಲು ಕೊಡುತ್ತಿದ್ದುದರ 80%ಗಿಂತ ಜಾಸ್ತಿ ಉಳಿಯುತ್ತದೆ.

ಬೀಮ್‌ಟೈಮ್: ಕಪ್ಪುಹಾಳೆಯವರೇ, ಒಂದೇ ಪ್ರಶ್ನೆ. ಬರ್ಲಿನ್ ಪ್ರಯೋಗದಲ್ಲಿ ಪ್ರೋಟಾನ್ ಎನರ್ಜಿ ಎಷ್ಟಿತ್ತು?

ಹಳೇರೇಡಿಯೋ: @ಮೂರುಪದರ ಟೆಲ್‌ಸ್ಟಾರ್ ಸೆಲ್ಲಿನಿಂದ ಸಾಯಲಿಲ್ಲ. ದಯವಿಟ್ಟು ಈ ಸುಳ್ಳು ಹರಡಬೇಡಿ. ಕೆಟ್ಟದ್ದು ಭೂಮಿಯಿಂದ ಬರುವ ಆಜ್ಞೆ ಬಿಡಿಸುವ ಸರ್ಕ್ಯೂಟಿನ ಟ್ರಾನ್ಸಿಸ್ಟರುಗಳು. ನವೆಂಬರಿನಲ್ಲಿ ಮೊದಲ ಸಲ ಕೈಕೊಟ್ಟಿತು, ಜನವರಿಯಲ್ಲಿ ಎದ್ದು ಕೂತಿತು, 1963ರ ಫೆಬ್ರವರಿಯಲ್ಲಿ ಪೂರ್ತಿ ಮಲಗಿತು. ಸೆಲ್‌ಗಳ ಮೇಲೆ ಸಫೈರ್ ಹೊದಿಕೆ ಇತ್ತು. ಮೇಲೆ ಎನ್, ಕೆಳಗೆ ಪಿ ಮಾದರಿಯ ಸಿಲಿಕಾನ್ ಪದರ ಇದ್ದವು, ವಿಕಿರಣ ತಾಳಲಿ ಅಂತಲೇ ಆರಿಸಿದ್ದು.

ಮೂರುಪದರ: ಟ್ರಾನ್ಸಿಸ್ಟರ್ ಯಾವುದರಿಂದ ಮಾಡುತ್ತಾರೆ, ಮಣ್ಣಿನಿಂದಲಾ? ಹಾರಿಸಿದ ಮಾರನೇ ದಿನವೇ ಬಾಂಬ್ ಹಾಕಿದರೆ ಯಾವ ಸರ್ಕ್ಯೂಟ್ ಬದುಕುತ್ತದೆ, ಅದು ಬೇರೆ ಮಾತು.

ಹಳೇರೇಡಿಯೋ: ಮಾರನೇ ದಿನ ಅಲ್ಲ, ಹಿಂದಿನ ದಿನ! ಸ್ಟಾರ್‌ಫಿಶ್ ಪ್ರೈಮ್ ಅನ್ನುವ ಆ ಬಾಂಬ್ ಪರೀಕ್ಷೆ ನಡೆದದ್ದು ಜುಲೈ 9ಕ್ಕೆ, 1.4 ಮೆಗಾಟನ್, ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಟೆಲ್‌ಸ್ಟಾರ್ ಹಾರಿದ್ದು 10ಕ್ಕೆ. ಬಾಂಬ್ ತುಂಬಿಟ್ಟ ಎಲೆಕ್ಟ್ರಾನ್‌ಗಳ ಮಧ್ಯೆ ಹೋಗಿ ಬಿತ್ತು ಪಾಪ. ದಿನಾಂಕವೇ ಗೊತ್ತಿಲ್ಲದವರು ವಿಕಿರಣದ ಪಾಠ ಮಾಡುತ್ತಾರೆ.

ತಂತಿಗರಗಸ: 8ನೇ ತಾರೀಕು ಅಲ್ವಾ ಅದು? ಹವಾಯಿಯಲ್ಲಿ ರಾತ್ರಿ ಆಕಾಶ ಬೆಳಗಿತು ಅಂತ ಓದಿದ ನೆನಪು.

ಹಳೇರೇಡಿಯೋ: ಗ್ರೀನ್‌ವಿಚ್ ಲೆಕ್ಕದಲ್ಲಿ 9. ಉಪಗ್ರಹದ ಲೆಕ್ಕ ಯಾರೂ ಹವಾಯಿ ಗಡಿಯಾರದಲ್ಲಿ ಇಡಲ್ಲ.

ಮೂರುಪದರ: ಸರಿ, ದಿನಾಂಕ ನಿಮಗೇ ಇರಲಿ, ಇಟ್ಟುಕೊಳ್ಳಿ. ಟ್ರಾನ್ಸಿಟ್ 4ಬಿ, ಟ್ರಾಕ್ ಎರಡೂ ಆ ಬಾಂಬಿನಿಂದ ಸೆಲ್ ಹಾಳಾಗಿಯೇ ಕೆಟ್ಟವು. ಅದನ್ನು ಯಾಕೆ ಬಾಯಿ ಬಿಡಲಿಲ್ಲ?

ಹಳೇರೇಡಿಯೋ: ನೀವು ಹೇಳಿದ್ದು ಟೆಲ್‌ಸ್ಟಾರ್. ಮೇಲೆ ಹೋಗಿ ಓದಿ, ನಿಮ್ಮದೇ ಬರಹ ಅಲ್ಲೇ ಇದೆ.

ಮೂರುಪದರ: ನಾನು ಹೇಳಿದ್ದರ ತಾತ್ಪರ್ಯ ಸಿಲಿಕಾನ್ ಸತ್ತಿತು ಅಂತ. ಸತ್ತಿತು. ಯಾವ ಉಪಗ್ರಹದಲ್ಲಿ ಅನ್ನುವುದು ಪರೀಕ್ಷೆಯಲ್ಲಿ ಎರಡು ಮಾರ್ಕಿನ ಪ್ರಶ್ನೆ.

ತಂತಿಗರಗಸ: "ಸಿಲಿಕಾನ್ ಸತ್ತಿತು". ಹಾಗಾದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಆ ದೊಡ್ಡ ರೆಕ್ಕೆಗಳು ಏನಪ್ಪ? ಸಿಲಿಕಾನ್. ಇಪ್ಪತ್ತು ವರ್ಷ ಮೀರಿ ದುಡಿದಿವೆ.

ಮೂರುಪದರ: ಅದು 400 ಕಿಲೋಮೀಟರ್ ಎತ್ತರ, ವಿಕಿರಣ ಪಟ್ಟಿಯ ಕೆಳಗೆ ಬೆಚ್ಚಗೆ ಕೂತಿದೆ. 2021ರಿಂದ ಅದರ ಮೇಲೆ ಹೊಸದಾಗಿ ಬಿಚ್ಚಿದ ರೆಕ್ಕೆಗಳಲ್ಲಿ ಯಾವ ಸೆಲ್ ಇದೆ ಅಂತಲೂ ಹೇಳಿಬಿಡಿ. ನಾಚಿಕೆ ಬೇಡ.

ತಂತಿಗರಗಸ: ನೀವು ಜರ್ಮೇನಿಯಂ ಎಲ್ಲಿಂದ ತರುತ್ತೀರಿ ಅಂತ ಮೊದಲು ಹೇಳಿ. 2023ರ ಆಗಸ್ಟಿನಲ್ಲಿ ಚೀನಾ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಲೈಸೆನ್ಸ್ ಬೇಕು ಅಂದಾಗ ನಿಮ್ಮ ಕಡೆಯವರ ಮುಖ ನೋಡಬೇಕಿತ್ತು.

ಕಪ್ಪುಹಾಳೆ: ಇದು ನನ್ನ ಪೋಸ್ಟ್. ಟೆಲ್‌ಸ್ಟಾರಿಗೂ ಜರ್ಮೇನಿಯಂಗೂ ಬೇರೆ ಜಾಗ ಮಾಡಿಕೊಳ್ಳಿ. ತಾನೇ ವಾಸಿಯಾಗುವ ಸೆಲ್ ಬಗ್ಗೆ ಒಬ್ಬರಾದರೂ ಮಾತಾಡಿದ್ದೀರಾ?

ತಂತಿಗರಗಸ: ಇಂಡಿಯಂ ಫಾಸ್ಫೈಡ್ ಕೂಡ ಬೆಳಕು ಬಿದ್ದರೆ ವಾಸಿಯಾಗುತ್ತದೆ. ಹಾಗಂತ ಎಲ್ಲ ಉಪಗ್ರಹದಲ್ಲೂ ಅದೇ ಇದೆಯಾ? ಕೆಳಕಕ್ಷೆಯಲ್ಲಿ ಸುಮಾರು 90 ನಿಮಿಷಕ್ಕೊಂದು ಸುತ್ತು, ದಿನಕ್ಕೆ 15-16 ಸಲ ಕುದಿಯುವ ಬಿಸಿ, ಕೊರೆಯುವ ಚಳಿ. ನಿಮ್ಮ ಪದರ ಸಿಪ್ಪೆ ಬಿಟ್ಟುಕೊಂಡರೆ ಯಾವ ವಾಸಿ?

ಬೀಮ್‌ಟೈಮ್: ಎರಡನೇ ಸಲ ಕೇಳುತ್ತಿದ್ದೇನೆ. ಎನರ್ಜಿ ಎಷ್ಟು?

ಕಪ್ಪುಹಾಳೆ: 68 ಎಂಇವಿ. ಏನೀಗ?

ಬೀಮ್‌ಟೈಮ್: ಅಷ್ಟು ವೇಗದ ಪ್ರೋಟಾನ್ ಸಿಲಿಕಾನಿನಲ್ಲೇ ಒಂದು ಸೆಂಟಿಮೀಟರ್ ದಾಟಿ ಹೋಗುತ್ತದೆ. ನಿಮ್ಮ ಅರ್ಧ ಮೈಕ್ರಾನ್ ಪದರ ಅದಕ್ಕೆ ಕಾಣಿಸುವುದೂ ಇಲ್ಲ, ಸೀದಾ ತೂರಿಕೊಂಡು ಹೋಗುತ್ತದೆ. ನಿಜವಾಗಿ ಕೆಡಿಸುವುದು ನಿಧಾನದವು, ಕೊನೆಗೆ ನಿಲ್ಲುವ ಜಾಗದಲ್ಲೇ ಪರಮಾಣು ಕಿತ್ತುಹಾಕುತ್ತವೆ. 0.1 ಎಂಇವಿ ಆಸುಪಾಸಿನದು ಸರಿಯಾಗಿ ಆ ಪದರದ ಹತ್ತಿರ ನಿಲ್ಲುತ್ತದೆ. ಮೇಲೆ ನೂರು ಮೈಕ್ರಾನ್ ಗಾಜು ಹಾಕುತ್ತೇವೆ ಅನ್ನುತ್ತೀರಿ, ಸರಿ. ಕಮ್ಮಿ ಎನರ್ಜಿಯವು ಗಾಜಿನಲ್ಲೇ ನಿಂತವು. ಆದರೆ ಕೆಲವು ಎಂಇವಿಯವು ಗಾಜು ದಾಟುವಷ್ಟರಲ್ಲಿ ನಿಧಾನ ಆಗಿಯೇ ಒಳಗೆ ಬರುತ್ತವೆ. ಅಂದಹಾಗೆ, ಆ ಪ್ರಯೋಗದಲ್ಲಿ ಕರೆಂಟ್ ಇಳಿದದ್ದಕ್ಕೆ ಮುಖ್ಯ ಕಾರಣ ಕೆಳಗಿನ ಮಾಮೂಲಿ ಗಾಜು ಕಂದಾದದ್ದು. ಸೆಲ್ ಚೆನ್ನಾಗಿಯೇ ಇತ್ತು, ಬೆಳಕು ಒಳಗೆ ಬರಲಿಲ್ಲ ಅಷ್ಟೆ.

ಕಪ್ಪುಹಾಳೆ: "ಸೆಲ್ ಚೆನ್ನಾಗಿಯೇ ಇತ್ತು". ನೀವೇ ಹೇಳಿದಿರಿ, ಧನ್ಯವಾದ. ಅಲ್ಲದೆ ಜಪಾನಿನವರು 2018ರಲ್ಲಿ 50 ಕೆಇವಿ (0.05 ಎಂಇವಿ) ಪ್ರೋಟಾನ್ ಹೊಡೆದೂ ನೋಡಿದ್ದಾರೆ. ಅದು ನಿಲ್ಲುವ ಪ್ರೋಟಾನೇ. ತಾಳಿತು.

ಬೀಮ್‌ಟೈಮ್: ಅದು ಒಳ್ಳೆಯ ಸಾಕ್ಷಿ. ಅದನ್ನೇ ಮೊದಲು ಹಾಕುವುದು ಬಿಟ್ಟು ಬರ್ಲಿನ್ ಯಾಕೆ ಎಳೆದಿರಿ? ಮತ್ತೆ "ತಾಳಿತು" ಬೇರೆ, "ವಾಸಿಯಾಯಿತು" ಬೇರೆ.

ಕಪ್ಪುಹಾಳೆ: ಶಬ್ದ ಹಿಡಿದು ಜಗ್ಗುವುದಾದರೆ ಮುಗಿಯಿತು.

ಮೂರುಪದರ: ನಿರ್ವಾತದಲ್ಲಿ ಹದಿನೈದು ವರ್ಷ ಕೆಲಸ ಮಾಡಿದ ಪೆರೋವ್‌ಸ್ಕೈಟ್ ಒಂದಿದ್ದರೆ ತೋರಿಸಿ. ಅಲ್ಲಿಯವರೆಗೆ ನಾನು ಕಾಸು ಕೊಟ್ಟು 30% ಕೊಳ್ಳುತ್ತೇನೆ.

ತಂತಿಗರಗಸ: ಕಾಸು ಕೊಟ್ಟರೂ ಜರ್ಮೇನಿಯಂ ಸಿಕ್ಕರೆ.

ಹಳೇರೇಡಿಯೋ: ಹವಾಯಿ ಗಡಿಯಾರದಲ್ಲಿ ಸ್ಟಾರ್‌ಫಿಶ್ ಸಿಡಿದದ್ದು 8ರ ರಾತ್ರಿ 11ಕ್ಕೆ, ಈಗ ಲೆಕ್ಕ ಹಾಕಿ ನೋಡಿದೆ. ಆದರೆ ಗ್ರೀನ್‌ವಿಚ್ ಪ್ರಕಾರ 9, ಮತ್ತು ನಾನು ಮೊದಲೇ ಗ್ರೀನ್‌ವಿಚ್ ಅಂತ ಹೇಳಿದ್ದೆ.